ಏಳನೆಯ ತರಗತಿಯ ನಂತರದ ದಾರಿ

ಕೊಪ್ಪಳ ಸೀಮೆಯ ಬಹಳಷ್ಟು ಹಳ್ಳಿಗಳಲ್ಲಿ ಸರಕಾರಿ ಶಾಲೆ ಏಳನೆಯ ಅಥವಾ ಎಂಟನೆಯ ತರಗತಿಗೆ ಮುಗಿಯುತ್ತದೆ. ಮುಂದಿನ ಶಾಲೆ ಹೋಬಳಿಯ ಊರಿನಲ್ಲೋ ತಾಲೂಕು ಕೇಂದ್ರದಲ್ಲೋ ಇರುತ್ತದೆ. ನಡುವೆ ಉಳಿಯುವುದು ಐದೋ ಎಂಟೋ ಹನ್ನೆರಡೋ ಕಿಲೋಮೀಟರು. ಶಿಕ್ಷಕರ ಸಂಬಳ, ಪಠ್ಯಪುಸ್ತಕ, ಸಮವಸ್ತ್ರ, ಬಿಸಿಯೂಟ, ಹಾಲು ಇವಕ್ಕೆಲ್ಲ ಸರಕಾರದ ಆಯವ್ಯಯದಲ್ಲಿ ಒಂದೊಂದು ಲೆಕ್ಕವಿದೆ. ಈ ಕಿಲೋಮೀಟರುಗಳ ಲೆಕ್ಕ ಮಾತ್ರ ಯಾವ ಒಂದು ಇಲಾಖೆಯ ಪುಸ್ತಕದಲ್ಲೂ ಇಡಿಯಾಗಿ ಸಿಗುವುದಿಲ್ಲ. ಸ್ವಲ್ಪ ಸಾರಿಗೆ ನಿಗಮದಲ್ಲಿದೆ, ಸ್ವಲ್ಪ ಶಿಕ್ಷಣ ಇಲಾಖೆಯಲ್ಲಿದೆ, ಸ್ವಲ್ಪ ಸಮಾಜ ಕಲ್ಯಾಣದ ಹಾಸ್ಟೆಲುಗಳಲ್ಲಿದೆ, ಸ್ವಲ್ಪ ಮಠದ ದಾಸೋಹದಲ್ಲಿದೆ; ಉಳಿದದ್ದು ತಂದೆಯ ಜೇಬಿನಲ್ಲಿ ಮತ್ತು ಮಗುವಿನ ಕಾಲಿನಲ್ಲಿ. ಇದು ಹೀಗೆ ಹಂಚಿಹೋದದ್ದರ ಹಿಂದೆ ಸುಮಾರು ಒಂದು ಶತಮಾನದ ಚರಿತ್ರೆಯಿದೆ.

ಹೊರಗಿನ ಒಂದು ಉದಾಹರಣೆಯನ್ನು ಮೊದಲು ನೋಡೋಣ. ಅಮೆರಿಕದ ಮೆಸಾಚುಸೆಟ್ಸ್ ರಾಜ್ಯ 1869ರಲ್ಲೇ ಮಕ್ಕಳನ್ನು ಶಾಲೆಗೆ ಸಾಗಿಸಲು ಸಾರ್ವಜನಿಕ ಹಣ ವೆಚ್ಚ ಮಾಡಬಹುದೆಂದು ಕಾನೂನು ಮಾಡಿತು. 1919ರ ವೇಳೆಗೆ ಅಲ್ಲಿನ ಎಲ್ಲ ರಾಜ್ಯಗಳಲ್ಲೂ ಅಂತಹ ಕಾನೂನು ಬಂದಿತ್ತು. ಸಣ್ಣ ಹಳ್ಳಿಶಾಲೆಗಳನ್ನು ಮುಚ್ಚಿ ದೊಡ್ಡ ಶಾಲೆಗಳನ್ನು ಕಟ್ಟುವ ಯೋಜನೆಯ ಜೊತೆಯಲ್ಲೇ ಅಲ್ಲಿ ಹಳದಿ ಬಸ್ಸು ಬೆಳೆಯಿತು. ನಮ್ಮಲ್ಲಿ ಸರಕಾರಗಳು ಇನ್ನೊಂದು ದಾರಿ ಹಿಡಿದವು. ಮಗುವನ್ನು ಶಾಲೆಗೆ ಒಯ್ಯುವ ಬದಲು ಶಾಲೆಯನ್ನೇ ಮಗುವಿನ ಹತ್ತಿರ ತರುವುದು ಆ ದಾರಿ. 1961ರ ಮೈಸೂರು ಕಡ್ಡಾಯ ಪ್ರಾಥಮಿಕ ಶಿಕ್ಷಣ ಕಾಯ್ದೆಯ ನಂತರ ಹಳ್ಳಿಹಳ್ಳಿಗೆ ಶಾಲೆ ಬಂದದ್ದು ಈ ವಿಚಾರದಿಂದಲೇ. ಪ್ರಾಥಮಿಕ ಹಂತದಲ್ಲಿ ಅದು ಗೆದ್ದ ದಾರಿಯೂ ಹೌದು. ಆದರೆ ಹೈಸ್ಕೂಲನ್ನು ಪ್ರತಿ ಹಳ್ಳಿಗೂ ಒಯ್ಯಲಾಗಲಿಲ್ಲ. ಅಲ್ಲಿಂದ ಮುಂದಕ್ಕೆ ಮಗುವನ್ನು ಸರಕಾರಿ ಬಸ್ಸಿನ ಮೇಲೆ ಬಿಡಲಾಯಿತು.

ಈ ಸರಕಾರಿ ಬಸ್ಸು ಕೊಪ್ಪಳಕ್ಕೆ ಬಂದದ್ದು ಮೈಸೂರಿನ ಕಡೆಯಿಂದಲ್ಲ, ಹೈದರಾಬಾದಿನ ಕಡೆಯಿಂದ. ಕೊಪ್ಪಳ, ಯಲಬುರ್ಗಾ ಭಾಗ ಸಾಲಾರ್ ಜಂಗ್ ಮನೆತನದ ಜಹಗೀರಾಗಿತ್ತು. ಕುಷ್ಟಗಿ, ಗಂಗಾವತಿಗಳು ನಿಜಾಮ ಸಂಸ್ಥಾನದ ರಾಯಚೂರು ಜಿಲ್ಲೆಯಲ್ಲಿದ್ದವು. 1932ರ ಜೂನ್‌ನಲ್ಲಿ ನಿಜಾಮ ಸರಕಾರ ತನ್ನ ರೈಲ್ವೆಯ ಅಂಗವಾಗಿ ರಸ್ತೆ ಸಾರಿಗೆ ವಿಭಾಗವನ್ನು ಆರಂಭಿಸಿದಾಗ ಅದರಲ್ಲಿದ್ದದ್ದು 27 ಬಸ್ಸುಗಳು ಮತ್ತು 166 ಮಂದಿ ನೌಕರರು. ಭಾರತದಲ್ಲಿ ಸರಕಾರವೇ ಬಸ್ಸು ನಡೆಸಿದ ಮೊದಲ ಪ್ರಯತ್ನಗಳಲ್ಲಿ ಇದು ಒಂದು. ತೆಲಂಗಾಣ ಮತ್ತು ಆಂಧ್ರದ ಸಾರಿಗೆ ಬಸ್ಸುಗಳ ನೋಂದಣಿ ಸಂಖ್ಯೆಯಲ್ಲಿ ಕಾಣುವ 'ಝಡ್' ಅಕ್ಷರ ಕೊನೆಯ ನಿಜಾಮರ ತಾಯಿ ಝಹ್ರಾ ಬೇಗಂ ಅವರ ನೆನಪಿಗೆ ಎಂಬ ಪ್ರತೀತಿ ಇಂದಿಗೂ ಇದೆ. ನಮ್ಮ ಪಾಲಿಗೆ ಬಂದ ಬಸ್ಸುಗಳಿಗೆ ಆ ಅಕ್ಷರ ಬರಲಿಲ್ಲ. ಬಂದದ್ದು ಬಸ್ಸು ಓಡಿಸುವ ಒಂದು ಕ್ರಮ. ರೈಲ್ವೆಯವರು ನಡೆಸಿದ ಬಸ್ಸಾದ್ದರಿಂದ ಅದರ ಕಣ್ಣು ನಿಲ್ದಾಣದ ಮೇಲೆ, ಸಂತೆಯ ಮೇಲೆ, ಕಚೇರಿಯ ಊರಿನ ಮೇಲೆ ಇತ್ತು. ಬಸ್ಸು ಪಟ್ಟಣದಿಂದ ಹೊರಟು ಪಟ್ಟಣಕ್ಕೆ ಹೋಗುವುದು, ಹಳ್ಳಿಗಳು ದಾರಿಯಲ್ಲಿ ಸಿಕ್ಕರೆ ಸಿಕ್ಕಂತೆ. ಆ ಕಾಲದಲ್ಲಿ ಜಹಗೀರಿನ ಹಳ್ಳಿಗಳಲ್ಲಿ ಶಾಲೆಗಳೇ ವಿರಳವಾಗಿದ್ದವು, ಮೇಲಿನ ಓದೆಲ್ಲ ಉರ್ದುವಿನಲ್ಲಿತ್ತು. ಹೀಗಾಗಿ ವಿದ್ಯಾರ್ಥಿಯ ಪ್ರಯಾಣ ಎಂಬ ಪ್ರಶ್ನೆ ಯಾರಿಗೂ ಎದುರಾಗುವಂತಿರಲಿಲ್ಲ.

1948ರ ಸೆಪ್ಟೆಂಬರ್‌ನಲ್ಲಿ ಹೈದರಾಬಾದ್ ಭಾರತದಲ್ಲಿ ವಿಲೀನವಾಯಿತು. ಮರುವರ್ಷ ಜಹಗೀರುಗಳು ರದ್ದಾದವು. 1951ರ ನವೆಂಬರ್ 1ರಂದು ಸಾರಿಗೆ ವಿಭಾಗ ರೈಲ್ವೆಯಿಂದ ಬೇರೆಯಾಗಿ ಹೈದರಾಬಾದ್ ರಾಜ್ಯ ಸರಕಾರದ ಇಲಾಖೆಯಾಯಿತು. ಐದು ವರ್ಷಗಳ ನಂತರ, 1956ರ ನವೆಂಬರ್ 1ರಂದು, ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದಾಗ ಇಲ್ಲಿನ ಬಸ್ಸುಗಳೂ ಡಿಪೋಗಳೂ ಮೈಸೂರಿನ ಪಾಲಾದವು. ಮೈಸೂರು ಸರಕಾರದ ಸಾರಿಗೆ ಇಲಾಖೆ 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಂದಿಗೆ ಶುರುವಾದದ್ದು. 1961ರ ಆಗಸ್ಟ್ 1ರಂದು ಅದು ಇಲಾಖೆಯ ರೂಪ ಬಿಟ್ಟು ನಿಗಮವಾಯಿತು.

ಮೇಲ್ನೋಟಕ್ಕೆ ಇದು ಕಾಗದದ ಮೇಲಿನ ಬದಲಾವಣೆ. ನನ್ನ ಅಭಿಪ್ರಾಯದಲ್ಲಿ ಕೊಪ್ಪಳದ ಶಾಲಾ ಮಗುವಿನ ಕಥೆ ತಿರುಗುವುದೇ ಇಲ್ಲಿ. ಇಲಾಖೆಯಾಗಿದ್ದರೆ ಅದು ಸರಕಾರದ ಖಜಾನೆಯಿಂದ ನಡೆಯುತ್ತದೆ. ನಷ್ಟವಾದರೂ ಅದು ಸರಕಾರದ ನಷ್ಟ. ನಿಗಮಗಳು ನಡೆಯುವುದು 1950ರ ರಸ್ತೆ ಸಾರಿಗೆ ನಿಗಮಗಳ ಕಾಯ್ದೆಯಂತೆ. ಆ ಕಾಯ್ದೆಯ 18ನೆಯ ಕಲಮು ಜನರಿಗೆ ಸಾಕಷ್ಟು, ದಕ್ಷ, ಮಿತವ್ಯಯದ ಸಾರಿಗೆ ಒದಗಿಸುವುದು ನಿಗಮದ ಕರ್ತವ್ಯ ಎನ್ನುತ್ತದೆ. 22ನೆಯ ಕಲಮು ನಿಗಮ ತನ್ನ ಉದ್ಯಮವನ್ನು ವ್ಯಾಪಾರದ ತತ್ತ್ವಗಳ ಮೇಲೆ ನಡೆಸಬೇಕು ಎನ್ನುತ್ತದೆ. 34ನೆಯ ಕಲಮು ರಾಜ್ಯ ಸರಕಾರ ನಿಗಮಕ್ಕೆ ಆದೇಶಗಳನ್ನು ಕೊಡಬಹುದು ಎನ್ನುತ್ತದೆ. ಯಲಬುರ್ಗಾದ ಒಳಹಳ್ಳಿಯೊಂದಕ್ಕೆ ಬೆಳಿಗ್ಗೆ ಎಂಟು ಗಂಟೆಗೆ ಬಸ್ಸು ಬೇಕು ಎಂದರೆ 18ನೆಯ ಕಲಮು ಹೌದು ಎನ್ನುತ್ತದೆ, 22ನೆಯದು ಆದಾಯವೆಷ್ಟು ಎಂದು ಕೇಳುತ್ತದೆ. ಇವೆರಡರ ಜಗಳವನ್ನು ತೀರ್ಮಾನಿಸುವ ಹೊಣೆ ಕಾನೂನಿನ ಪ್ರಕಾರ ಸರಕಾರದ್ದು, ವಾಸ್ತವದಲ್ಲಿ ಡಿಪೋ ವ್ಯವಸ್ಥಾಪಕರದ್ದು.

ನಂತರದ ವರ್ಷಗಳಲ್ಲಿ ಫಲಕಗಳು ಬದಲಾದವು. 1973ರಲ್ಲಿ ರಾಜ್ಯದ ಹೆಸರಿನೊಡನೆ ನಿಗಮದ ಹೆಸರೂ ಕರ್ನಾಟಕವಾಯಿತು. 1997ರಲ್ಲಿ ರಾಯಚೂರಿನಿಂದ ನಾಲ್ಕು ತಾಲೂಕುಗಳನ್ನು ಬೇರ್ಪಡಿಸಿ ಕೊಪ್ಪಳ ಜಿಲ್ಲೆ ಮಾಡಲಾಯಿತು. 2000ದಲ್ಲಿ ಗುಲ್ಬರ್ಗಾ ಕೇಂದ್ರವಾಗಿ ಈಶಾನ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ ಹುಟ್ಟಿತು, 2021ರಲ್ಲಿ ಅದು ಕಲ್ಯಾಣ ಕರ್ನಾಟಕ ಸಾರಿಗೆಯಾಯಿತು. ಕೊಪ್ಪಳ ವಿಭಾಗದ ಕೈಯಲ್ಲಿ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಕುಕನೂರು ಡಿಪೋಗಳಿವೆ. ಹಳ್ಳಿಯವರು ಇಷ್ಟೆಲ್ಲ ಹೆಸರು ಇಟ್ಟುಕೊಂಡಿಲ್ಲ. ಅವರಿಗೆ ಅದು ಇಂದಿಗೂ ಗೌರ್ಮೆಂಟ್ ಬಸ್ಸು.

ಇನ್ನು ಹಣದ ವಿಷಯ. ವಿದ್ಯಾರ್ಥಿಗೆ ರಿಯಾಯಿತಿ ಪಾಸು ಕೊಡುವ ಪದ್ಧತಿ ದಶಕಗಳಿಂದ ಇದೆ. ಪಾಸಿನ ವೆಚ್ಚದಲ್ಲಿ ಸರಕಾರದ ಪಾಲು ಶೇಕಡಾ 50, ನಿಗಮದ ಪಾಲು 25, ವಿದ್ಯಾರ್ಥಿಯ ಪಾಲು 25 ಎಂಬುದು ಒಪ್ಪಿಕೊಂಡು ಬಂದ ಹಂಚಿಕೆ. ಪ್ರಾಥಮಿಕ ಶಾಲೆಯ ಮಕ್ಕಳಿಗೂ ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳಿಗೂ 150 ರೂಪಾಯಿಯ ಸಂಸ್ಕರಣಾ ಶುಲ್ಕ ಮಾತ್ರ; ಹೈಸ್ಕೂಲಿನ ಹುಡುಗರಿಗೆ ಹತ್ತು ತಿಂಗಳಿಗೆ 750, ಹುಡುಗಿಯರಿಗೆ 550 ರೂಪಾಯಿ ಎಂಬುದು ಈಚಿನ ವರ್ಷಗಳಲ್ಲಿ ಇದ್ದ ದರ. 2018ರ ಬಜೆಟ್ಟಿನಲ್ಲಿ ಎಲ್ಲ ವಿದ್ಯಾರ್ಥಿಗಳಿಗೂ ಉಚಿತ ಪಾಸು ಎಂಬ ಘೋಷಣೆಯಾಯಿತು, ಅದು ಎಲ್ಲರ ಕೈಗೆ ಬರಲಿಲ್ಲ.

ದರ ಹೆಚ್ಚೆಂದು ನಾನು ಹೇಳಲಾರೆ. ತಿಂಗಳಿಗೆ 75 ರೂಪಾಯಿ ಕೊಟ್ಟು ಜಗತ್ತಿನ ಯಾವ ಮೂಲೆಯಲ್ಲೂ ಶಾಲೆಗೆ ಹೋಗಿಬರಲಾಗದು. ತೊಡಕು ಇರುವುದು ಆ ಹಣ ಹರಿಯುವ ರೀತಿಯಲ್ಲಿ. ಸರಕಾರದ ಪಾಲು ವಿತರಿಸಿದ ಪಾಸುಗಳ ಸಂಖ್ಯೆಯ ಲೆಕ್ಕದಲ್ಲಿ, ತಡವಾಗಿ, ನಿಗಮದ ಮುಖ್ಯ ಖಾತೆಗೆ ಬರುತ್ತದೆ. ಬೆಳಗಿನ ಟ್ರಿಪ್ಪಿನಲ್ಲಿ 60 ಮಕ್ಕಳು ಜೋತುಬಿದ್ದು ಬಂದರೂ ಕಂಡಕ್ಟರರ ಚೀಲದಲ್ಲಿ ಆ ಮಕ್ಕಳದೆಂದು ಒಂದು ರೂಪಾಯಿಯೂ ಇರುವುದಿಲ್ಲ. ಡಿಪೋದಲ್ಲಿ ಪ್ರತಿ ಕಿಲೋಮೀಟರಿಗೆ ಆದಾಯವೆಷ್ಟು ಎಂದು ಲೆಕ್ಕ ಹಾಕುವಾಗ ಆ ಟ್ರಿಪ್ಪು ಬಡಕಲಾಗಿ ಕಾಣುತ್ತದೆ. ತುಂಬಿ ತುಳುಕುವ ಬಸ್ಸೇ ನಷ್ಟದ ಬಸ್ಸಾಗುತ್ತದೆ. ಪಾಸಿನ ಮಕ್ಕಳ ಗುಂಪು ಕಂಡ ಕೂಡಲೇ ಕೆಲವು ಚಾಲಕರು ಬಸ್ಸನ್ನು ನಿಲ್ದಾಣದಿಂದ ನೂರು ಮಾರು ಮುಂದೆ ಒಯ್ದು ನಿಲ್ಲಿಸುವ ಹಳೆಯ ದೂರಿನ ಬೇರು ಇಲ್ಲಿದೆ. ಅದು ಕೇವಲ ಚಾಲಕನ ಕಠಿಣ ಮನಸ್ಸಲ್ಲ, ಲೆಕ್ಕಪತ್ರದ ಕಠಿಣ ಮನಸ್ಸು.

ಇದರ ನಡುವೆಯೂ ಈ ಸೀಮೆಯ ಮಕ್ಕಳನ್ನು ಓದಿಸಿದ್ದು ವಸ್ತಿ ಬಸ್ಸು. ಉತ್ತರ ಕರ್ನಾಟಕದವರಿಗೆ ಇದನ್ನು ವಿವರಿಸಬೇಕಿಲ್ಲ; ಕರಾವಳಿಯ ಓದುಗರಿಗಾಗಿ ಒಂದೆರಡು ಮಾತು. ರಾತ್ರಿಯ ಕೊನೆಯ ಟ್ರಿಪ್ಪಿನ ಬಸ್ಸು ಡಿಪೋಗೆ ಮರಳದೆ ಹಳ್ಳಿಯಲ್ಲೇ ಉಳಿಯುತ್ತದೆ. ಚಾಲಕ, ಕಂಡಕ್ಟರ್ ಬಸ್ಸಿನಲ್ಲೋ ಪಂಚಾಯತಿ ಕಟ್ಟಡದಲ್ಲೋ ಗುಡಿಯ ಪೌಳಿಯಲ್ಲೋ ಮಲಗುತ್ತಾರೆ. ಬೆಳಿಗ್ಗೆ ಅದೇ ಬಸ್ಸು ಹಾಲಿನ ಕ್ಯಾನು, ಕಾಯಿಪಲ್ಲೆ, ಕೂಲಿಗೆ ಹೋಗುವವರು, ಹೈಸ್ಕೂಲಿನ ಮಕ್ಕಳನ್ನು ಹೇರಿಕೊಂಡು ಪೇಟೆಗೆ ಹೊರಡುತ್ತದೆ. ಇದು ಮಕ್ಕಳಿಗಾಗಿ ಮಾಡಿದ ಏರ್ಪಾಡಲ್ಲ. ಖಾಲಿ ಬಸ್ಸನ್ನು ರಾತ್ರಿ ಹಿಂದಕ್ಕೆ ಓಡಿಸಿ ಬೆಳಿಗ್ಗೆ ಮತ್ತೆ ಖಾಲಿ ತರುವ ಡೀಸೆಲ್ ಉಳಿಸುವ ಏರ್ಪಾಡು. ನಿಗಮದ ಹಿತವೂ ಮಗುವಿನ ಹಿತವೂ ಕೂಡಿಬಂದದ್ದರಿಂದಲೇ ಇರಬೇಕು, ಅದು ಇಷ್ಟು ಕಾಲ ಬಾಳಿತು.

ವಸ್ತಿ ಬಸ್ಸಿಲ್ಲದ ಊರಿನವರು ಬಸ್ಸು ಕೇಳಬೇಕು. ಕೇಳುವ ಕ್ರಮವೂ ಒಂದು ಶಾಸ್ತ್ರವೇ. ಗ್ರಾಮ ಪಂಚಾಯತಿಯ ಠರಾವು, ಎಷ್ಟು ಮಕ್ಕಳು ಎಂದು ಬರೆದ ಮುಖ್ಯೋಪಾಧ್ಯಾಯರ ಪತ್ರ, ಸಾಧ್ಯವಾದರೆ ಶಾಸಕರ ಶಿಫಾರಸು ಹಿಡಿದು ಡಿಪೋಗೆ ಹೋಗಬೇಕು. ಡಿಪೋದವರು ರಸ್ತೆ ನೋಡುತ್ತಾರೆ, ತಿರುಗಿಸಲು ಜಾಗವಿದೆಯೇ, ಹಳ್ಳದ ಮೇಲೆ ಸೇತುವೆಯಿದೆಯೇ ಎಂದು ಪರಿಶೀಲಿಸುತ್ತಾರೆ. ಮಂಜೂರಾದ ಟ್ರಿಪ್ಪನ್ನು ಈಗಾಗಲೇ ಓಡುತ್ತಿರುವ ಯಾವುದೋ ಬಸ್ಸಿನ ದಿನದ ಷೆಡ್ಯೂಲಿಗೆ ಪೋಣಿಸುತ್ತಾರೆ. ಆ ಬಸ್ಸು ಗದಗಿನಲ್ಲೋ ಹೊಸಪೇಟೆಯಲ್ಲೋ ಅರ್ಧ ಗಂಟೆ ತಡೆದರೆ ಕುಷ್ಟಗಿಯ ಹಳ್ಳಿಯ ಮಕ್ಕಳಿಗೆ ಮೊದಲ ತಾಸು ತಪ್ಪುತ್ತದೆ. ಶನಿವಾರ ಬೆಳಗಿನ ಶಾಲೆ. ಬಸ್ಸಿನ ವೇಳಾಪಟ್ಟಿಗೆ ಶನಿವಾರವೂ ಒಂದೇ, ಬುಧವಾರವೂ ಒಂದೇ. ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಸಂಜೆ ವಿಶೇಷ ತರಗತಿ ಮಾಡಿದರೆ ಊರಿಗೆ ಮರಳುವ ಬಸ್ಸು ಹೋಗಿರುತ್ತದೆ. ಆಗ ಉಳಿಯುವುದು ಟಂಟಂ, ಕ್ರೂಸರ್, ಇಲ್ಲವೇ ಯಾರದೋ ಮೋಟಾರು ಸೈಕಲ್ಲಿನ ಹಿಂಬದಿ. ಹುಡುಗನಾದರೆ ಅದೂ ನಡೆಯುತ್ತದೆ. ಹುಡುಗಿಯಾದರೆ ಮನೆಯಲ್ಲಿ ಮಾತು ಬೇರೆ ಕಡೆ ತಿರುಗುತ್ತದೆ.

ಜಿಲ್ಲೆಯ ಎಲ್ಲ ತಾಲೂಕುಗಳಲ್ಲೂ ಸ್ಥಿತಿ ಒಂದೇ ಅಲ್ಲ ಎಂಬುದನ್ನೂ ಹೇಳಬೇಕು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದ ಗಂಗಾವತಿ, ಕಾರಟಗಿ ಭಾಗದಲ್ಲಿ ಭತ್ತ ಬಂತು, ಆಂಧ್ರದಿಂದ ಬಂದವರ ಕ್ಯಾಂಪುಗಳು ಬಂದವು, ಅಕ್ಕಿ ಗಿರಣಿಗಳು ಬಂದವು, ಅವುಗಳ ಬೆನ್ನಿಗೆ ರಸ್ತೆಗಳೂ ಬಸ್ಸುಗಳೂ ಖಾಸಗಿ ಶಾಲೆಯ ಹಳದಿ ವಾಹನಗಳೂ ಬಂದವು. ಯಲಬುರ್ಗಾ, ಕುಷ್ಟಗಿಗಳು ಮಳೆಯನ್ನು ನಂಬಿದ ಬಯಲು. ಮಳೆ ಕೈಕೊಟ್ಟ ವರ್ಷ ಮನೆಮಂದಿ ಗುಳೆ ಹೋಗುತ್ತಾರೆ. ಮಂಗಳೂರು, ಗೋವಾ, ಬೆಂಗಳೂರಿನ ಕಟ್ಟಡಗಳ ಬುಡದಲ್ಲಿ ಈ ತಾಲೂಕುಗಳ ಮಕ್ಕಳನ್ನು ನಮ್ಮ ಓದುಗರು ಕಂಡೇ ಇರುತ್ತಾರೆ. ಪ್ರಯಾಣಿಕರು ಕಡಿಮೆ ಇರುವ ಕಡೆ ಬಸ್ಸು ಕಡಿಮೆ, ಬಸ್ಸು ಕಡಿಮೆ ಇರುವ ಕಡೆ ಓದು ಕಡಿಮೆ. 2001ರ ಜನಗಣತಿಯಲ್ಲಿ ಕೊಪ್ಪಳ ಜಿಲ್ಲೆಯ ಹೆಣ್ಣುಮಕ್ಕಳ ಸಾಕ್ಷರತೆ ಶೇಕಡಾ 40ನ್ನೂ ಮುಟ್ಟಿರಲಿಲ್ಲ. 2011ರಲ್ಲಿ ಅದು 57ನ್ನು ದಾಟಿತ್ತು, ಗಂಡಸರದ್ದು 78ರ ಮೇಲಿತ್ತು.

ದೂರಕ್ಕೆ ಈ ಸೀಮೆ ಕಂಡುಕೊಂಡ ಇನ್ನೊಂದು ಉತ್ತರ ಹಾಸ್ಟೆಲು. ಮಗುವನ್ನು ದಿನವೂ ಸಾಗಿಸುವ ಬದಲು ಶಾಲೆಯ ಊರಿನಲ್ಲೇ ಇರಿಸಿಕೊಳ್ಳುವುದು. ಕೊಪ್ಪಳದ ಗವಿಮಠ ಹಳ್ಳಿಯ ಬಡ ವಿದ್ಯಾರ್ಥಿಗಳಿಗೆ ಜಾತಿ ಕೇಳದೆ ಊಟ, ವಸತಿ ಕೊಡುವುದು ನಾಡಿಗೇ ಗೊತ್ತು; 2022ರಲ್ಲಿ ಅಲ್ಲಿ 5000 ಮಕ್ಕಳ ವಸತಿ ನಿಲಯಕ್ಕೆ ಅಡಿಗಲ್ಲು ಬಿತ್ತು. ಅಷ್ಟು ದೊಡ್ಡ ಸಂಖ್ಯೆ ಒಂದು ಕಡೆ ಹೆಮ್ಮೆಯ ಮಾತು. ಇನ್ನೊಂದು ಕಡೆ, ಇಷ್ಟೊಂದು ಮಕ್ಕಳು ಮನೆಯಿಂದ ಓಡಾಡಿ ಓದಲಾಗುತ್ತಿಲ್ಲ ಎಂಬುದರ ಅಳತೆಯೂ ಹೌದು. ಸರಕಾರದ ಕಡೆಯಿಂದ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳು, 2004ರ ನಂತರ ಹೆಣ್ಣುಮಕ್ಕಳಿಗಾಗಿ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಗಳು ಬಂದವು. ಹಾಸ್ಟೆಲಿಗೆ ಕಳಿಸಲು ಒಪ್ಪದ ಮನೆಗಳು ಎಲ್ಲ ಸಮುದಾಯಗಳಲ್ಲೂ ಇವೆ. ಮುಸ್ಲಿಮರಲ್ಲಿ ಇದಕ್ಕೆ ಇನ್ನೊಂದು ಗಂಟು ಸೇರಿದೆ. ಉರ್ದು ಪ್ರಾಥಮಿಕ ಶಾಲೆಗಳು ಇದ್ದಷ್ಟು ಉರ್ದು ಹೈಸ್ಕೂಲುಗಳು ಇಲ್ಲ. ಏಳನೆಯ ತರಗತಿ ದಾಟಿದ ಹುಡುಗಿ ದೂರವನ್ನೂ ಭಾಷೆಯನ್ನೂ ಒಂದೇ ಸಲ ದಾಟಬೇಕು. ಮುಂಜಾನೆಯ ಬಸ್ಸೊಂದು ನಂಬುವಂತಿದ್ದರೆ ಈ ಗಂಟಿನ ಒಂದು ಎಳೆಯಾದರೂ ಬಿಚ್ಚುತ್ತದೆ.

2006-07ರಲ್ಲಿ ಶಿಕ್ಷಣ ಇಲಾಖೆ ಮೊದಲ ಬಾರಿಗೆ ಈ ದೂರಕ್ಕೆ ನೇರವಾಗಿ ಕೈಹಾಕಿತು. ಎಂಟನೆಯ ತರಗತಿಯ ಬಡ ಹುಡುಗಿಯರಿಗೆ ಸೈಕಲ್ಲು, ಮರುವರ್ಷ ಹುಡುಗರಿಗೂ. ಬಿಹಾರದಲ್ಲೂ ಹುಡುಗಿಯರ ಸೈಕಲ್ ಯೋಜನೆ ಅದೇ 2006ರಲ್ಲಿ ಶುರುವಾಯಿತು; ಅದರಿಂದ ಹೈಸ್ಕೂಲು ವಯಸ್ಸಿನ ಹುಡುಗಿಯರ ದಾಖಲಾತಿ ಶೇಕಡಾ 32ರಷ್ಟು ಏರಿತೆಂದು ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಲೆಕ್ಕ ಹಾಕಿ ತೋರಿಸಿದ್ದಾರೆ. ಸೈಕಲ್ಲಿನ ದೊಡ್ಡ ಗುಣವೆಂದರೆ ಅದಕ್ಕೆ ಡಿಪೋ ಇಲ್ಲ, ಷೆಡ್ಯೂಲಿಲ್ಲ, ಶನಿವಾರದ ತೊಂದರೆಯಿಲ್ಲ. ಆದರೆ ನಮ್ಮ ಯೋಜನೆಯಲ್ಲಿ ಒಂದು ನಿಬಂಧನೆಯಿತ್ತು. ಹಾಸ್ಟೆಲಿನ ಮಕ್ಕಳಿಗೂ ಬಸ್ ಪಾಸು ಪಡೆದವರಿಗೂ ಸೈಕಲ್ಲಿಲ್ಲ. ಪಾಸಿದ್ದರೆ ಬಸ್ಸೂ ಇದ್ದೇ ಇರುತ್ತದೆ ಎಂದು ಬರೆದವರ ಎಣಿಕೆ. ಪಾಸು ಕಿಸೆಯಲ್ಲಿದ್ದು ಬಸ್ಸು ಬಾರದ ದಿನಗಳ ಬಗ್ಗೆ ಆದೇಶ ಏನೂ ಹೇಳಲಿಲ್ಲ. ಕೊರೋನಾ ಕಾಲದಲ್ಲಿ ಸೈಕಲ್ ವಿತರಣೆಯೇ ನಿಂತಿತು.

2009ರ ಶಿಕ್ಷಣ ಹಕ್ಕು ಕಾಯ್ದೆ ಬಂದ ಮೇಲೆ ದೂರಕ್ಕೆ ಕಾನೂನಿನ ಅಳತೆ ಸಿಕ್ಕಿತು. ಐದನೆಯ ತರಗತಿಯವರೆಗೆ 1 ಕಿಲೋಮೀಟರು, ಎಂಟನೆಯವರೆಗೆ 3 ಕಿಲೋಮೀಟರು. ಅದರಾಚೆಯ ಮಗುವಿಗೆ ಸಾರಿಗೆ ಮತ್ತು ಬೆಂಗಾವಲು ಭತ್ಯೆಯೆಂದು ಸಮಗ್ರ ಶಿಕ್ಷಣ ಯೋಜನೆಯಲ್ಲಿ ವರ್ಷಕ್ಕೆ ಗರಿಷ್ಠ 6000 ರೂಪಾಯಿಯವರೆಗೆ ಅವಕಾಶವಿದೆ. ಕಾಯ್ದೆಯ ಹಕ್ಕು 14 ವರ್ಷಕ್ಕೆ ಮುಗಿಯುತ್ತದೆ. ಹಳ್ಳಿಯ ಮಗುವಿಗೆ ನಿಜವಾದ ದೂರ ಶುರುವಾಗುವುದೂ ಬಹುತೇಕ ಆ ವಯಸ್ಸಿನಲ್ಲೇ. 2021ರಲ್ಲಿ ಯೋಜನೆಯನ್ನು ಪರಿಷ್ಕರಿಸಿದಾಗ ಈ ಭತ್ಯೆಯನ್ನು ಹೈಸ್ಕೂಲಿಗೂ ವಿಸ್ತರಿಸಲಾಯಿತು. ಭತ್ಯೆ ಕೊಡಬಹುದು, ಆದರೆ ಊರಿಗೆ ವಾಹನವೇ ಬಾರದಿದ್ದರೆ ಆ ಹಣದಿಂದ ಏನನ್ನು ಕೊಳ್ಳಬೇಕು ಎಂಬುದು ಪಾಲಕರ ಪ್ರಶ್ನೆ.

2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು. ರಾಜ್ಯದೊಳಗೆ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಹೆಂಗಸರಿಗೆ ಪ್ರಯಾಣ ಉಚಿತವಾಯಿತು. ಇದನ್ನು ಶಾಲೆಯ ಯೋಜನೆಯೆಂದು ಯಾರೂ ಕರೆಯಲಿಲ್ಲ. ಆದರೂ ಕೊಪ್ಪಳದ ಹೈಸ್ಕೂಲು ಹುಡುಗಿಯ ಮಟ್ಟಿಗೆ ಅದಕ್ಕಿಂತ ದೊಡ್ಡ ಶಾಲಾ ಸಾರಿಗೆ ಯೋಜನೆ ಹಿಂದೆ ಬಂದಿರಲಿಲ್ಲ. ಇದರ ಒಳಗುಟ್ಟು ಉಚಿತ ಎಂಬ ಪದದಲ್ಲಿಲ್ಲ, ಶೂನ್ಯ ಟಿಕೆಟ್ಟಿನಲ್ಲಿದೆ. ಹುಡುಗಿ ಹತ್ತಿದಾಗ ಯಂತ್ರದಿಂದ ಬರುವ ಆ ಚೀಟಿಯ ಮೌಲ್ಯವನ್ನು ಸರಕಾರ ನಿಗಮಕ್ಕೆ ತುಂಬಿಕೊಡಬೇಕು. ಪಾಸಿನ ಕಾಲದಲ್ಲಿ ಟ್ರಿಪ್ಪಿನ ಲೆಕ್ಕದಲ್ಲಿ ಸೊನ್ನೆಯಾಗಿದ್ದ ಹುಡುಗಿ ಈಗ ಪ್ರತಿ ಸವಾರಿಗೂ ಎಣಿಕೆಗೆ ಬರುತ್ತಾಳೆ. ಪಾಸು ತೋರಿಸುವ ಹುಡುಗ ಹಳೆಯ ಜಾಗದಲ್ಲೇ ಉಳಿದ. ಬಸ್ಸುಗಳ ಸಂಖ್ಯೆ ಜನರ ಸಂಖ್ಯೆಯಷ್ಟು ವೇಗವಾಗಿ ಹೆಚ್ಚಲಿಲ್ಲವಾದ್ದರಿಂದ ಬಾಗಿಲಲ್ಲಿ ಜೋತು ಬೀಳುವವನೂ ಅವನೇ. ಸಂವಿಧಾನದ 371ಜೆ ವಿಧಿಯಿಂದ ಬಂದ ಪ್ರದೇಶಾಭಿವೃದ್ಧಿ ಮಂಡಳಿಯ ಹಣದಲ್ಲಿ ಕಲ್ಯಾಣ ಕರ್ನಾಟಕ ಸಾರಿಗೆಗೆ ಬಸ್ಸುಗಳನ್ನು ಕೊಡಿಸಿದ್ದುಂಟು. ಒಳ್ಳೆಯದೇ. ಆದರೆ ಬಸ್ಸು ಕೊಳ್ಳುವುದು ಒಂದು ಸಲದ ಖರ್ಚು, ಅದನ್ನು ಒಳಹಳ್ಳಿಗೆ ದಿನವೂ ಓಡಿಸುವುದು ಮುಗಿಯದ ಖರ್ಚು.

ಊರವರೇ ಹಣ ಹಾಕಿ ಸರಕಾರಿ ಶಾಲೆಗೆ ವಾಹನ ಮಾಡಿಕೊಂಡ ಉದಾಹರಣೆಗಳಿವೆ. ಉಡುಪಿ ಜಿಲ್ಲೆಯ ಬ್ರಹ್ಮಾವರ ಸಮೀಪದ ಬಾರಾಳಿ ಸರಕಾರಿ ಶಾಲೆಗೆ ಹಳೆ ವಿದ್ಯಾರ್ಥಿಗಳು ವಾಹನ ಕೊಡಿಸಿ, ಶಿಕ್ಷಕರೊಬ್ಬರು ತಾವೇ ಅದನ್ನು ಓಡಿಸಿದ ಸುದ್ದಿ 2018ರಲ್ಲಿ ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಮೆಚ್ಚಬೇಕಾದ್ದೇ. ಆದರೆ ಹೊರಗೆ ಹೋಗಿ ಗಳಿಸಿದ ಹಳೆ ವಿದ್ಯಾರ್ಥಿಗಳು ಇರುವ ಊರಿಗೂ ಗುಳೆ ಹೋಗುವ ಊರಿಗೂ ವ್ಯತ್ಯಾಸವಿದೆ. ಯಲಬುರ್ಗಾದ ಹಳ್ಳಿಗೆ ಇದನ್ನೇ ಮಾದರಿಯಾಗಿ ತೋರಿಸುವುದು ನ್ಯಾಯವಲ್ಲ.

ಈಗ ಇನ್ನೊಂದು ತಿರುವು ಕಾಣುತ್ತಿದೆ. 2025-26ರ ಬಜೆಟ್ಟಿನಲ್ಲಿ ಏಷ್ಯಾ ಅಭಿವೃದ್ಧಿ ಬ್ಯಾಂಕಿನ ನೆರವಿನಿಂದ 500 ಹೊಸ ಕರ್ನಾಟಕ ಪಬ್ಲಿಕ್ ಶಾಲೆಗಳ ಯೋಜನೆ ಬಂತು. ಒಂದೇ ಆವರಣದಲ್ಲಿ ಪೂರ್ವ ಪ್ರಾಥಮಿಕದಿಂದ ಪಿಯುಸಿವರೆಗೆ ಕಲಿಸುವ ದೊಡ್ಡ ಶಾಲೆಗಳು ಇವು. ಸುತ್ತಲಿನ ಸಣ್ಣ ಶಾಲೆಗಳು ಇದರಲ್ಲಿ ಕರಗಿಹೋಗುತ್ತವೆಯೇ ಎಂಬ ಆತಂಕ, ಪ್ರತಿಭಟನೆ ರಾಜ್ಯದಲ್ಲಿ ಎದ್ದಿದೆ. ಅಮೆರಿಕದಲ್ಲಿ ನಡೆದದ್ದೂ ಇದೇ, ಆದರೆ ಅಲ್ಲಿ ಬಸ್ಸಿನ ಕಾನೂನೂ ಶಾಲೆಯ ವಿಲೀನವೂ ಕೈಹಿಡಿದು ಬಂದವು. ಶಾಲೆ ಮಗುವಿನ ಹತ್ತಿರ ಬರುವ ಅರುವತ್ತು ವರ್ಷಗಳ ನೀತಿ ಹಿಂದಕ್ಕೆ ಸರಿಯುವುದಾದರೆ, ಮಗು ಶಾಲೆಯ ಹತ್ತಿರ ಹೋಗುವ ಹೊಣೆಗೆ ಒಂದು ಇಲಾಖೆ, ಒಂದು ಲೆಕ್ಕಶೀರ್ಷಿಕೆ ಬೇಕಾಗುತ್ತದೆ. ಕೊಪ್ಪಳದ ಅನುಭವ ಹೇಳುವುದು ಇಷ್ಟೇ: ಡಿಪೋಗೆ ಬರೆದ ಮನವಿಯ ಮೇಲೆ ಶಾಲೆ ನಡೆಯುವುದಿಲ್ಲ.

ಎಲ್ಲಿಂದ ಎಲ್ಲಿಗೆ ಎಷ್ಟು ಮಕ್ಕಳು ಎಂಬ ಮಾಹಿತಿ ಇಲ್ಲವೆಂದು ಅಧಿಕಾರಿಗಳು ಹೇಳುವಂತಿಲ್ಲ. ಪಾಸಿನ ಅರ್ಜಿಗಳು ಈಚಿನ ವರ್ಷಗಳಲ್ಲಿ ಸೇವಾ ಸಿಂಧು ಜಾಲದ ಮೂಲಕ ಬರುತ್ತಿವೆ. ಪ್ರತಿ ಅರ್ಜಿಯಲ್ಲಿ ಮಗುವಿನ ಊರು, ಶಾಲೆ, ತರಗತಿ, ಹತ್ತುವ ಮತ್ತು ಇಳಿಯುವ ನಿಲ್ದಾಣ ಇರುತ್ತವೆ. ಕುಷ್ಟಗಿ ಡಿಪೋದ ಬೆಳಗಿನ ಟ್ರಿಪ್ಪುಗಳನ್ನು ಶಾಲೆಯ ಗಂಟೆಗೆ ಹೊಂದಿಸಲು ಇದಕ್ಕಿಂತ ಒಳ್ಳೆಯ ಪಟ್ಟಿ ಬೇರೆ ಬೇಕಿಲ್ಲ. ಆದರೆ ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೆ ರಾಜ್ಯದೊಳಗಿನ ಪ್ರಯಾಣಕ್ಕೆ ಪಾಸು ಬೇಕಾಗುವುದಿಲ್ಲ, ಆದ್ದರಿಂದ ಅವರು ಅರ್ಜಿ ಹಾಕಬೇಕಿಲ್ಲ. ಶೂನ್ಯ ಟಿಕೆಟ್ಟು ಎಲ್ಲಿ ಹತ್ತಿ ಎಲ್ಲಿ ಇಳಿದಳು ಎಂದು ಹೇಳುತ್ತದೆ, ಸಂತೆಗೆ ಹೋದಳೋ ಶಾಲೆಗೆ ಹೋದಳೋ ಎಂದು ಹೇಳುವುದಿಲ್ಲ. ಬಸ್ಸಿನ ಖರ್ಚು ಅವಳಿಗೆ ಇಲ್ಲವಾದ ವರ್ಷವೇ, ಶಾಲೆಗೆ ಹೋಗುವವರ ಆ ಪಟ್ಟಿಯಿಂದ ಅವಳ ಹೆಸರೂ ಬಿಟ್ಟುಹೋಯಿತು.